ಎಡಗಡೆಯ ಹಿಂದಿನ ಗಾಲಿ

ಮಿರಜದ ಅರಿಶಿಣ ವ್ಯಾಪಾರಿ ಬಸಲಿಂಗಪ್ಪ ತನ್ನ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಯಾವ ಚುನಾವಣೆಗೂ ನಿಂತವನಲ್ಲ. ಆದರೂ ಆ ವರ್ಷದ ಆಷಾಢದಲ್ಲಿ ಅವನು ಅರಿಶಿಣ ಸೊಸೈಟಿಯ ಚುನಾವಣೆಗೆ ನಿಂತ, ಪ್ರಚಾರ ಮಾಡಿದ, ದೊಡ್ಡ ಮನಸ್ಸು ಮಾಡಿ ಹಿಂದೆ ಸರಿದ, ಹಾರವನ್ನೂ ಹಾಕಿಸಿಕೊಂಡ. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ, ಏಕೆಂದರೆ ಅವನ ಲಕ್ಷ್ಯವೆಲ್ಲ ಒಂದು ಗಾಲಿಯ ಮೇಲಿತ್ತು.

ಗಾಲಿ ಇದ್ದದ್ದು ಅವನ ತಂದೆಯ ಮಾರಿಸ್ ಮೋಟಾರು ಗಾಡಿಗೆ. ಎರಡನೆಯ ಮಹಾಯುದ್ಧ ಶುರುವಾಗುವ ಒಂದು ವರ್ಷ ಮೊದಲು ಕೊಂಡ ಕರಿಯ ಗಾಡಿ. ತಂದೆ ಅದನ್ನು ಎಷ್ಟು ಸಾವಕಾಶವಾಗಿ ಓಡಿಸುತ್ತಿದ್ದರೆಂದರೆ, ಸೈಕಲ್ಲಿನವರು ಜೊತೆಜೊತೆಗೆ ಬಂದು, ಮನೆಮಂದಿಯ ಕ್ಷೇಮ ಕೇಳಿ, ಅಪ್ಪಣೆ ಪಡೆದು ಮುಂದೆ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ನಾಗರಪಂಚಮಿಯ ಮುನ್ನಾದಿನ ಆ ಗಾಡಿ ಲಿಂಗನೂರಿಗೆ ಹೋಗಿ, ಅಲ್ಲಿಗೆ ಕೊಟ್ಟ ಮಗಳು ಗುರುಶಾಂತವ್ವನನ್ನು ತವರಿಗೆ ತರುತ್ತಿತ್ತು. ಮಳೆ ಬರಲಿ, ಬಿಸಿಲಿರಲಿ, ಪೆಟ್ರೋಲು ಸಿಗಲಿ ಬಿಡಲಿ, ಈ ಒಂದು ಖೇಪು ತಪ್ಪುತ್ತಿರಲಿಲ್ಲ.

ತಂದೆ ತೀರಿಕೊಂಡ ವರ್ಷ ಈ ಕೆಲಸ ಮಗನ ಪಾಲಿಗೆ ಬಂತು. ಅಂದು ಪೇಟೆಯಲ್ಲಿ ಅರಿಶಿಣದ ಹರಾಜಿನ ಸವಾಲು ಏರುತ್ತಿತ್ತು, ಬಸಲಿಂಗಪ್ಪನಿಗೆ ಪುರುಸೊತ್ತಿರಲಿಲ್ಲ. ಅವನು ಜಾಣತನದ ಒಂದು ವ್ಯವಸ್ಥೆ ಮಾಡಿದ. ಲಿಂಗನೂರಿನ ಬಸ್ಸಿನ ಕಂಡಕ್ಟರನಿಗೆ, ಬರುವಾಗ ನಮ್ಮ ಅಕ್ಕನನ್ನು ಕರೆದುಕೊಂಡು ಬಾರಪ್ಪ ಎಂದು ಹೇಳಿದ. ಕಂಡಕ್ಟರ್ ಕರ್ತವ್ಯನಿಷ್ಠ ಮನುಷ್ಯ. ಬಸ್ಸು ನಿಲ್ಲಿಸಿ, ಚೀಲ ಕೊರಳಿಗೆ ಹಾಕಿಕೊಂಡೇ ಗುರುಶಾಂತವ್ವನ ಬಾಗಿಲಿಗೆ ಹೋಗಿ, ಬೀಗರೆಲ್ಲ ಕೂತಿದ್ದ ಪಡಸಾಲೆಯಲ್ಲಿ ಸೀಟಿ ಊದಿ, ತವರಿಂದ ಕರೆ ಬಂದಿದೆ, ಬೇಗ ಹತ್ತಬೇಕು ಎಂದು ಸಾರಿದ. ಗುರುಶಾಂತವ್ವ ಹತ್ತಲಿಲ್ಲ. ಇನ್ನು ಮುಂದೆ ಅಪ್ಪನ ಗಾಡಿ ಬಂದರೆ ಆ ಗಾಡಿಯಲ್ಲಿ ಕೂತು ತವರಿಗೆ ಬರುವೆ, ಇಲ್ಲದಿದ್ದರೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಅದೇ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದಳು.

ಬಸಲಿಂಗಪ್ಪ ಮೊದಲ ವರ್ಷ ಸಿಟ್ಟಿನಿಂದ ಹೋಗಲಿಲ್ಲ. ಎರಡನೆಯ ವರ್ಷ ನಾಚಿಕೆಯಿಂದ. ಮೂರನೆಯ ವರ್ಷದಿಂದ ಹೇಗೆ ಹೋಗಬೇಕೆಂಬುದೇ ಮರೆತುಹೋಯಿತು. ಗಾಡಿಯನ್ನು ಓಣಿಗೆ ಬಾಯಿ ಮಾಡಿದ ಶೆಡ್ಡಿನಲ್ಲಿ ನಿಲ್ಲಿಸಿ, ಉರುಳೀತೆಂದು ಹ್ಯಾಂಡ್‌ಬ್ರೇಕು ಬಿಗಿಯಾಗಿ ಎಳೆದಿಟ್ಟ. ಗಾಡಿ ಆ ಅಪ್ಪಣೆಯನ್ನು ಹನ್ನೊಂದು ವರ್ಷ ಪಾಲಿಸಿತು.

ಆ ಆಷಾಢದಲ್ಲಿ ಲಿಂಗನೂರಿನ ರೈತ ಸತ್ಯಪ್ಪ ಅಂಗಡಿಗೆ ಅರಿಶಿಣ ಹಾಕಲು ಬಂದವನು, ಚಹಾ ಕುಡಿಯುತ್ತ, ನಿಮ್ಮ ಅಕ್ಕನಿಗೆ ಈಗ ಛಲೋ ಕಾಣುತ್ತದೆ ಎಂದ. ಏನಾಗಿತ್ತು ಎಂದು ಬಸಲಿಂಗಪ್ಪ ಕೇಳಿದ. ಸತ್ಯಪ್ಪ ಬಸಿಯನ್ನು ಕೆಳಗಿಟ್ಟ. ಚೈತ್ರದಲ್ಲಿ ಇದೇ ಮಿರಜದ ದವಾಖಾನೆಯಲ್ಲಿ ಕಣ್ಣಿನ ಆಪರೇಶನ್ ಆಗಿತ್ತು, ಪಟ್ಟಿ ಕಟ್ಟಿಸಿಕೊಂಡು ಎಂಟು ದಿನ ಮಲಗಿದ್ದಳು. ದವಾಖಾನೆ ಅಂಗಡಿಯಿಂದ ಮೂರು ಫರ್ಲಾಂಗು.

ಬಸಲಿಂಗಪ್ಪ ತಕ್ಕಡಿಯ ಮೇಲಿನ ತೂಕದ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಆಮೇಲೆ ಪೇಟೆಗೆಲ್ಲ ಕೇಳುವ ಹಾಗೆ ಹೇಳಿದ: “ಈ ಪಂಚಮಿಗಿ ಅಪ್ಪನ ಗಾಡಿ ತಗೊಂಡ ನಾನ ಬರ್ತೇನಿ ಅಂತ ಆಕಿಗಿ ಹೇಳು, ಸತ್ಯಪ್ಪ.”

ಗಾಡಿ ಅಲುಗಾಡದು ಎಂಬ ಸಣ್ಣ ಸಂಗತಿ ಅವನ ನೆನಪಿಗೆ ಬಂದದ್ದು ಸತ್ಯಪ್ಪ ಬಸ್ಸು ಹತ್ತಿದ ಮೇಲೆ.

ಮೆಕ್ಯಾನಿಕ್ ಜಟ್ಟೆಪ್ಪ ಬಂದ. ವಿಜಾಪುರದ ಕಡೆಯಿಂದ ಕೂಲಿಗೆ ಬಂದು ಲಾರಿಯ ಹೊಟ್ಟೆಯ ಕೆಳಗೆ ಮಲಗಿಯೇ ವಿದ್ಯೆ ಕಲಿತವನು. ನಿಂತುಕೊಂಡು ಮಾತಾಡುವುದು ಅವನಿಗೆ ಅಷ್ಟು ಒಗ್ಗುತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಅವುಗಳ ತೂತಿಗೆ ಎಣ್ಣೆ ಸುರಿದು, ಆರು ದಿನ ಹಾಗೇ ಬಿಡಿ ಎಂದು ಹೋದ. ಏಳನೆಯ ದಿನ ಹ್ಯಾಂಡಲ್ ತಿರುವಿದಾಗ ಇಂಜಿನ್ನು ಕೆಮ್ಮಿತು, ಸೀನಿತು, ಓಣಿಯ ತುಂಬ ನೀಲಿ ಹೊಗೆ ಬಿಟ್ಟು ಶುರುವಾಯಿತು. ಹೆಂಡತಿ ಸುನಂದಾಬಾಯಿ ಆರತಿ ತಟ್ಟೆ ತರಲು ಒಳಗೆ ಓಡಿದಳು. ಜಟ್ಟೆಪ್ಪ ಗೇರು ಹಾಕಿದ. ಗಾಡಿ ಮೂಗನ್ನು ಮೇಲೆತ್ತಿ, ನರಳಿ, ಇದ್ದಲ್ಲೇ ಕೂತುಬಿಟ್ಟಿತು.

ಮೂರು ಗಾಲಿ ತಿರುಗುತ್ತಿದ್ದವು. ಎಡಗಡೆಯ ಹಿಂದಿನದು ಮಾತ್ರ ಹಟ ಹಿಡಿದಿತ್ತು. ಗಾಲಿಯ ನಟ್ಟುಗಳಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿ, ನಟ್ಟು ತಿರುವುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದಾಗ ನಾಲ್ಕು ನಟ್ಟು ಬಿಚ್ಚಿದವು. ಐದನೆಯದರ ಮೂಲೆಗಳೆಲ್ಲ ಸವೆದು ಗುಂಡಗಾಯಿತು, ಅದನ್ನು ಉಳಿಯಿಂದ ಕಡಿಯಬೇಕಾಯಿತು. ಗಾಲಿ ಬಂತು. ಅದರ ಹಿಂದಿನ ಬ್ರೇಕಿನ ಡ್ರಮ್ಮು, ಬೋಗುಣಿಯಂಥ ಬೀಡುಕಬ್ಬಿಣದ ತುಂಡು, ಒಳಗಿನ ಬ್ರೇಕನ್ನು ಅಪ್ಪಿಕೊಂಡು ಕೂತಿತ್ತು. ಅದು ಕಳಚಿದರೆ ಗಾಡಿ ಲಿಂಗನೂರಿಗೆ ಹೋದೀತು. ಪಂಚಮಿಗೆ ಇಪ್ಪತ್ತೆರಡು ದಿನ ಉಳಿದಿದ್ದವು.

ಸೊಸೈಟಿಯ ಚುನಾವಣೆಗೆ ಇಪ್ಪತ್ತು ದಿನ ಉಳಿದಿದ್ದವು. ಬಸಲಿಂಗಪ್ಪ ಈ ಎರಡನೆಯ ಲೆಕ್ಕವನ್ನು ಹಾಕಿರಲೇ ಇಲ್ಲ. ಅದು ಕಬ್ಬಿಗೊಂದು, ಹಾಲಿಗೊಂದು, ಕೋಳಿಮೊಟ್ಟೆಗೂ ಒಂದು ಸೊಸೈಟಿ ಇದ್ದ ಕಾಲ. ಯಾರ ಮನೆಯ ಮುಂದೆ ಗಾಡಿ ತೊಳೆಯುತ್ತಾರೆ, ಯಾರ ಗಾಡಿಗೆ ಗಾಳಿ ತುಂಬುತ್ತಾರೆ ಎಂಬುದನ್ನು ನೋಡಿಯೇ ಜನ ಉಮೇದವಾರರ ಯಾದಿ ತಯಾರಿಸುತ್ತಿದ್ದರು. ಹನ್ನೊಂದು ವರ್ಷ ಸತ್ತಿದ್ದ ಗಾಡಿಯನ್ನು ಎಬ್ಬಿಸುವವನು ಸಾಮಾನ್ಯ ಸದಸ್ಯನಾಗಿರಲು ಸಾಧ್ಯವಿಲ್ಲ, ನೇರ ಚೇರ್ಮನ್ನನಾಗಲು ಹೊರಟಿದ್ದಾನೆ ಎಂದು ಮಾರನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಪೇಟೆ ತೀರ್ಮಾನಿಸಿತ್ತು.

ಜನ ಬರತೊಡಗಿದರು. ಬಂದವರೆಲ್ಲ ಶೆಡ್ಡಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಡ್ರಮ್ಮನ್ನು ಮುಟ್ಟಿ ನೋಡಿದರು, ಒಂದೊಂದು ಪೆಟ್ಟು ಹಾಕಿದರು, ಒಂದೊಂದು ಔಷಧ ಹೇಳಿದರು. ಒಬ್ಬನು ಹುಣಸೆಹುಳಿ ಬಳಿಯಲು ಹೇಳಿದ. ದವಾಖಾನೆಯ ಕಂಪೌಂಡರನು ದೊಡ್ಡ ಸಿರಿಂಜು ತಂದು ಸಂದಿಗೆ ಸೀಮೆಎಣ್ಣೆಯ ಇಂಜೆಕ್ಷನ್ ಕೊಟ್ಟು, ಮೂರು ದಿನ ಹುಳಿ ಖಾರ ಬೇಡ ಎನ್ನುವ ಗಂಭೀರ ಮುಖ ಮಾಡಿದ. ಹೋಗುವಾಗ ಎಲ್ಲರೂ ತಮ್ಮ ಅಳಿಯನ ನೌಕರಿಯ ಮಾತನ್ನೋ ಗೊಬ್ಬರದ ಚೀಟಿಯ ಮಾತನ್ನೋ ಹೂವಿನಂತೆ ಇಳಿಬಿಟ್ಟು ಹೋಗುತ್ತಿದ್ದರು.

ಬಸಲಿಂಗಪ್ಪ ಬಂದವರಿಗೆಲ್ಲ ಎರಡೆರಡು ಸಲ ಚಹಾ ತರಿಸಿದ. ಅಕ್ಕನ ಮೇಲೆ ಊರಿಗೆ ಇಷ್ಟು ಅಂತಃಕರಣವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ. ಅಕ್ಕ ಮದುವೆಯಾಗಿ ಹೋಗಿ ಮೂವತ್ತೆಂಟು ವರ್ಷವಾಯಿತು, ಇವರಲ್ಲಿ ಅರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ ಎಂದು ಸುನಂದಾಬಾಯಿ ಲೆಕ್ಕ ತೋರಿಸಿದಳು. ಅವಳ ಚಹಾಪುಡಿಯ ಡಬ್ಬಿ ಎರಡನೆಯ ಸಲ ಬರಿದಾಗಿತ್ತು.

“ಈ ಸರ್ತಿ ನಾವೆಲ್ಲಾ ನಿಮ್ಮ ಹಿಂದ ಅದೇವ್ರಿ, ಸಾವ್ಕಾರ್ರ,” ಎಂದು ಒಂದು ದಿನ ಎಂಟು ಮಂದಿ ಕೂಡಿ ಬಂದು ಹೇಳಿದರು.

“ಎಲ್ಲಾರೂ ಹಿಂದ ನಿಂತ್ರ ಉಪಯೋಗಿಲ್ರಿ,” ಎಂದ ಬಸಲಿಂಗಪ್ಪ, ಮೈಯೆಲ್ಲ ಎಣ್ಣೆಯಾಗಿದ್ದವನು. “ಇಬ್ಬರು ಈ ಕಡೆ ಬಂದು ಪೈಪ್ ಹಿಡೀರಿ.”

ಎಂಥ ಮುತ್ಸದ್ದಿ, ಮನಸ್ಸಿನಲ್ಲಿರುವುದನ್ನು ಬಾಯಿಗೆ ತರುವುದೇ ಇಲ್ಲ ಎಂದು ಎಂಟೂ ಮಂದಿ ತಲೆದೂಗುತ್ತ ಹೋದರು. ಕೊನೆಗೆ ಯಾರೋ ಬಾಯಿಬಿಟ್ಟೇ ಕೇಳಿದಾಗ, ನಾನು ಯಾವುದಕ್ಕೂ ನಿಂತಿಲ್ಲ ಎಂದು ಅವನು ಆಣೆ ಮಾಡಿದ. ಆ ಆಣೆಯಿಂದ ಉಳಿದಿದ್ದ ಅನುಮಾನವೂ ಪರಿಹಾರವಾಯಿತು. ನಿಲ್ಲದವನು ಆಣೆ ಯಾಕೆ ಮಾಡುತ್ತಾನೆ?

ಇಷ್ಟು ಮಂದಿಯಲ್ಲಿ ಏನೂ ಕೇಳದೆ ಬಂದವನು ದಾದಾಸಾಬನೊಬ್ಬನೇ. ತಂಬೂರಿ ಮಾಡುವವನು, ಬಸಲಿಂಗಪ್ಪನ ಜೊತೆಗೆ ಕನ್ನಡ ಶಾಲೆಯಲ್ಲಿ ಕಲಿತವನು. ಅವನು ಸೊಂಟದಿಂದ ಸಣ್ಣದೊಂದು ಸುತ್ತಿಗೆ ತೆಗೆದು ಡ್ರಮ್ಮಿನ ಸುತ್ತ ಮೆಲ್ಲಗೆ ತಟ್ಟಿ, ಕಿವಿ ಹಚ್ಚಿ ಕೇಳಿದ.

“ಇನ್ನೂ ಮಣ್ಣಿನ ದನಿ ಬರತೈತಿ,” ಎಂದ. “ಕಬ್ಬಿಣದ ದನಿ ಬರೂತನಕ ಯಾರೂ ಹೊಡೀಬ್ಯಾಡ್ರಿ. ಸಿಕ್ಕೊಂಡ ಬಿರಡಿ ಜಗ್ಗಿದ್ರ ಬಿರಡಿ ಬರಂಗಿಲ್ಲ, ತಂಬೂರಿನ ಹೋಗತೈತಿ.”

ಅವನ ಮಾತಿನಂತೆ ಜಟ್ಟೆಪ್ಪ ಡ್ರಮ್ಮಿಗೆ, ಅಂಚು ಹಿಡಿದು ಹೊರಗೆ ಜಗ್ಗುವ ಮೂರು ಕಾಲಿನ ಪುಲ್ಲರ್ ಕಟ್ಟಿದ. ದಿನಾ ಬೆಳಿಗ್ಗೆ ನಾಲ್ಕು ಹನಿ ಎಣ್ಣೆ, ಸಂಜೆ ನಾಲ್ಕು ಹನಿ. ಪುಲ್ಲರಿನ ನಡುವಿನ ತಿರುಪಿಗೆ ದಿನಕ್ಕೊಂದು ಕಾಲು ಸುತ್ತು, ಅಷ್ಟೇ. ಆಮೇಲೆ ಸುತ್ತ ಸಣ್ಣ ಪೆಟ್ಟು. ಒಂದು ಸಲ ಬಿಸಿ ಮಾಡುವುದು, ಒಂದು ಸಲ ಆರಲು ಬಿಡುವುದು. ಬಸಲಿಂಗಪ್ಪ ಅಂಗಡಿ ಬಿಟ್ಟು ಡ್ರಮ್ಮಿನ ಮುಂದೆ ಮಣೆ ಹಾಕಿಕೊಂಡು ಕೂತ. ಪಕ್ಕದ ಮನೆಯ ಗಿರಿಜಾಬಾಯಿ, ಬಸಲಿಂಗಪ್ಪ ಭಾವ ಎರಡೂ ಹೊತ್ತು ಗಾಡಿಯ ಪೂಜೆ ಮಾಡುತ್ತಾರೆ, ಈ ಸಲ ಗೆಲ್ಲುವುದು ಗ್ಯಾರಂಟಿ ಎಂದು ಬಾವಿಕಟ್ಟೆಗೆ ಸುದ್ದಿ ಕೊಟ್ಟಳು.

ಒಂಬತ್ತನೆಯ ದಿನ ದಾದಾಸಾಬ ತಟ್ಟಿ ನೋಡಿ, ಸ್ವಲ್ಪ ನಕ್ಕು, ದನಿ ತಿರುಗಿದೆ, ಇನ್ನೆರಡು ದಿನ ಎಂದ. ಆ ದಿನ ಶುಕ್ರವಾರ. ಅವನು ನಮಾಜಿಗೆ ಹೋದ ಹೊತ್ತಿನಲ್ಲಿ ಕಸಬೆ ಡಿಗ್ರಜದಿಂದ ಟ್ರ್ಯಾಕ್ಟರಿನಲ್ಲಿ ಪೈಲ್ವಾನ ಭರತೇಶ ಬಂದಿಳಿದ. ತಾಲೀಮಿನ ಗರಡಿಯ ನಲವತ್ತು ಓಟು ತನ್ನ ಕೈಯಲ್ಲಿವೆ ಎಂದು ತಿಳಿಸಲು ಬಂದವನು, ಬರಿಗೈಯಿಂದ ಬಂದೆನಲ್ಲ ಎಂಬ ಸಂಕೋಚಕ್ಕೆ, ಮೂಲೆಯಲ್ಲಿದ್ದ ಹತ್ತು ಸೇರಿನ ಸುತ್ತಿಗೆ ಎತ್ತಿದ. ಜಟ್ಟೆಪ್ಪ ಗಾಡಿಯ ಕೆಳಗಿನಿಂದ ಬೇಡ ಎನ್ನುವಷ್ಟರಲ್ಲಿ ಒಂದೇ ಒಂದು ಪೆಟ್ಟು ಬಿತ್ತು. ಓಣಿಯ ಪಾರಿವಾಳಗಳೆಲ್ಲ ಹಾರಿದವು. ಡ್ರಮ್ಮು ಕದಲಲಿಲ್ಲ. ಮಸೀದಿಯಿಂದ ಬರುತ್ತಿದ್ದ ದಾದಾಸಾಬ ಓಣಿಯ ತುದಿಯಲ್ಲೇ ನಿಂತು ಕಣ್ಣು ಮುಚ್ಚಿದ. ಒಳಗೆ ಬಂದು ಡ್ರಮ್ಮನ್ನು ಮತ್ತೆ ತಟ್ಟಲೂ ಇಲ್ಲ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು ಹೋದ.

ಎರಡು ದಿನ ಬಿಟ್ಟು, ನಾಮಪತ್ರಕ್ಕೆ ಕಡೆಯ ದಿನ, ಹಾಲಿ ಚೇರ್ಮನ್ ಗುರುಸಿದ್ಧಪ್ಪನೇ ಜೀಪಿನಲ್ಲಿ ಬಂದ. ಜೊತೆಗೆ ಇಬ್ಬರು ಹಿಂಬಾಲಕರು. ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟು, ಮರಾಠಿಯಲ್ಲಿ ಸಹಕಾರ ತತ್ವದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಆಮೇಲೆ ಕನ್ನಡಕ್ಕೆ ಇಳಿದ. ಕೆಲಸದ ಮಾತನ್ನು ಅವನು ಯಾವಾಗಲೂ ಕನ್ನಡದಲ್ಲೇ ಆಡುತ್ತಿದ್ದ.

“ನಿಂತಿಲ್ಲ ಅಂತೀರಿ. ಛಲೋ ಆತು. ಹಂಗಾರ ವಾಪಸ್ ತಗೋರಿ.”

“ಅರ್ಜಿ ತುಂಬಿದ್ರ ವಾಪಸ್ ತಗೋಬೇಕಲ್ರಿ, ಚೇರ್ಮನ್ನರ. ನಾ ತುಂಬೇ ಇಲ್ಲ.”

“ತುಂಬದನ ವಾಪಸ್ ತಗೊಂಡ್ರ ಇನ್ನೂ ಛಲೋ. ತ್ಯಾಗ ದೊಡ್ಡದಾಕ್ಕೇತಿ.”

“ನಮ್ಮ ಅಕ್ಕನ್ನ ಪಂಚಮಿಗಿ ಕರಕೊಂಬರಾಕ ಅಷ್ಟ ಈ ಗಾಡಿ...”

“ಅಕ್ಕಾರದೂ ಒಂದ ಓಟೈತಿ, ಗೊತ್ತೈತಿ ನನಗ,” ಎಂದು ಗುರುಸಿದ್ಧಪ್ಪ ಬೆರಳೆತ್ತಿದ. “ನಿಮ್ಮ ಅಪ್ಪ ಅವರ ಹೆಸರಲೆ ಶೇರು ತಗೊಂಡಿದ್ರು. ಆದ್ರ ಒಂದ ಮಾತ ಹೇಳ್ತೇನಿ ಕೇಳ್ರಿ...”

ಆ ಒಂದು ಮಾತು ಯಾವುದೆಂದು ಕಡೆಗೂ ತಿಳಿಯಲಿಲ್ಲ. ಹನ್ನೊಂದು ದಿನದಿಂದ ಪುಲ್ಲರಿನ ಜಗ್ಗಾಟದಲ್ಲಿದ್ದ ಡ್ರಮ್ಮು, ಯಾರೂ ಮುಟ್ಟದೆ, ತನ್ನಷ್ಟಕ್ಕೆ, ಗರ್ನಾಲು ಹಾರಿಸಿದಂಥ ಸಪ್ಪಳ ಮಾಡಿ ಕಳಚಿಕೊಂಡಿತು. ಹಿಂಬಾಲಕರಲ್ಲಿ ಒಬ್ಬನು ಅರಿಶಿಣದ ಚೀಲಗಳ ಹಿಂದೆ ಬಿದ್ದ, ಇನ್ನೊಬ್ಬನು ಚೇರ್ಮನ್ನನ ಮೇಲೆಯೇ ಬಿದ್ದ. ಬಸಲಿಂಗಪ್ಪ ಮಾತ್ರ ಮಣೆಯಿಂದೆದ್ದು ಕುಣಿಯುತ್ತಿದ್ದ. ಬಂತು, ಬಂತು ಎನ್ನುತ್ತ ಜಟ್ಟೆಪ್ಪನನ್ನು ಅಪ್ಪಿಕೊಂಡ. ಹಿಂಬಾಲಕನ ಕೆಳಗಿನಿಂದ ಹೊರಬಂದ ಗುರುಸಿದ್ಧಪ್ಪ ಒಂದು ಕಾಗದ ಚಾಚಿದಾಗ, ಅದೇನೆಂದು ಓದದೆ, ಎಣ್ಣೆಗೈಯಲ್ಲೇ ಸಹಿ ಮಾಡಿದ. ಮಾರನೆಯ ದಿನ ಸೊಸೈಟಿಯ ಕಟ್ಟೆಯ ಮೇಲೆ ಅವನ ತ್ಯಾಗಕ್ಕೆ ಹಾರ ಬಿತ್ತು. ಅದು ಡ್ರಮ್ಮು ಬಿಚ್ಚಿದ್ದಕ್ಕೆ ಎಂದು ಅವನು ತಿಳಿದುಕೊಂಡ.

ಆದರೆ ಅದಕ್ಕೆ ಮೊದಲೇ, ಜೀಪು ಹೋದ ಮೇಲೆ, ಜಟ್ಟೆಪ್ಪ ಡ್ರಮ್ಮನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಿದ್ದ. ಕೂದಲೆಳೆಯಂಥ ಒಂದು ಗೆರೆ ಅಂಚಿನಿಂದ ಶುರುವಾಗಿ ನಡುಮಧ್ಯದವರೆಗೆ ಓಡಿತ್ತು.

“ಪೈಲ್ವಾನನ ಪೆಟ್ಟ, ಸಾವ್ಕಾರ್ರ. ಬೀಡು, ಬೆಸಿಗಿ ಹಿಡಿಯಂಗಿಲ್ಲ. ಇದನ್ನ ಹಾಕಿ ಹೋದ್ರ ಮೊದಲ್ನೇ ಇಳಿಜಾರದಾಗ ಗಾಡಿ ನಮ್ಮ ಮಾತ ಕೇಳಂಗಿಲ್ಲ.”

ಕೊಲ್ಹಾಪುರದ ಗುಜರಿಗಳಲ್ಲಿ ಕೇಳಿಸಿದರು. ಪುಣೆಗೆ ಹೋಗುವ ಲಾರಿಯ ಡ್ರೈವರನಿಗೆ ಅಳತೆ ಬರೆದುಕೊಟ್ಟರು. ಮುಂಬಯಿಗೆ ಕಾಗದ ಹಾಕಿದರು. ಸಿಕ್ಕರೆ ದಸರೆಯ ಹೊತ್ತಿಗೆ ಸಿಗಬಹುದು ಎಂದು ಉತ್ತರ ಬಂತು. ಗಾಡಿ ಇಟ್ಟಂಗಿಯ ಮೇಲೆ ನಿಂತೇ ಇತ್ತು.

ಇಷ್ಟರಲ್ಲಿ ಸತ್ಯಪ್ಪ ಮತ್ತೆ ಬಂದ. ಈ ಸಲ ಚಹಾ ಬೇಡವೆಂದ. ಲಿಂಗನೂರಿಗೆ ಹೋಗಿದ್ದ ಸುದ್ದಿಯಲ್ಲಿ ಬಸಲಿಂಗಪ್ಪ ಚುನಾವಣೆಗೆ ನಿಂತದ್ದು ಮಾತ್ರ ಇತ್ತು. ಹಿಂದೆ ಸರಿದದ್ದು ನಡುದಾರಿಯ ಆರಗ ಊರಿನಾಚೆ ಮುಟ್ಟಿರಲಿಲ್ಲ. ಗುರುಶಾಂತವ್ವ ಅಂಗಳ ಸಾರಿಸಿ, ಉಂಡಿ ಕಟ್ಟಲು ಎಳ್ಳು ಹುರಿದಿಟ್ಟವಳು, ಆ ಸುದ್ದಿ ಕೇಳಿ ಎಳ್ಳನ್ನು ಎಮ್ಮೆಗೆ ಸುರಿದಿದ್ದಳು.

“ಅಪ್ಪನ ಗಾಡಿ ಓಟು ಕೇಳಾಕ ತಗಸ್ಯಾನ, ನನ್ನ ಹೆಸರ ಹೇಳಿ ಊರಾಗ ತಿರಗತಾನ,” ಎಂದು ಸತ್ಯಪ್ಪ ಕಣ್ಣು ನೆಲಕ್ಕೆ ನೆಟ್ಟು, ಆಕೆಯ ಮಾತನ್ನು ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. “ನಂದೂ ಒಂದ ಓಟೈತಿ. ಅದನ್ನ ಎಲ್ಲಿ ಒತ್ತಬೇಕು ನನಗ ಗೊತ್ತೈತಿ ಅಂತ ಹೇಳಂದ್ರು.”

ಬಸಲಿಂಗಪ್ಪ ಆ ಗಳಿಗೆಯಲ್ಲೇ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಲಿಂಗನೂರಿನ ಬಸ್ಸು ಹತ್ತಿ ಕೂತ. ಹನ್ನೊಂದು ವರ್ಷದಲ್ಲಿ ಅವನು ಆ ಬಸ್ಸಿನ ಒಳಗನ್ನು ಕಂಡದ್ದು ಅದೇ ಮೊದಲು. ಅವನನ್ನು ಕಂಡು ಸ್ಟ್ಯಾಂಡಿನಲ್ಲಿದ್ದ ಐದು ಮಂದಿ, ಹಿಂದೆ ಸರಿದದ್ದು ಬರೀ ತೋರಿಕೆ, ಸಾವುಕಾರರು ಗುಟ್ಟಾಗಿ ಪ್ರಚಾರಕ್ಕೆ ಹೊರಟರೆಂದು ತಾವೂ ಹತ್ತಿದರು. ಒಬ್ಬನು ಘೋಷಣೆ ಕೂಗಿದ. ಐವರು ಕಾರ್ಯಕರ್ತರನ್ನು ಕಟ್ಟಿಕೊಂಡು ಅಕ್ಕನ ಬಾಗಿಲಿಗೆ ಹೋಗಿ ನಾನು ಓಟು ಕೇಳಲು ಬಂದಿಲ್ಲ ಎಂದು ಹೇಳುವುದು ಹೇಗೆ? ಅವನು ಇಳಿದ. ಐವರೂ ಇಳಿದರು. ಅವರು ಚದುರಿದ ಮೇಲೆ ಮತ್ತೆ ಹತ್ತಿದ. ಅವರೂ ಹತ್ತಿದರು. ಕೊನೆಗೆ ಬಸ್ಸು ಯಾರನ್ನೂ ಕಾಯದೆ ಹೋಯಿತು.

ಚುನಾವಣೆಯ ದಿನ ಮರಾಠಿ ಶಾಲೆಯಲ್ಲಿ ಮತದಾನ. ಹತ್ತು ಗಂಟೆಯವರೆಗೆ ಸರಳವಾಗಿ ಸಾಗುತ್ತಿದ್ದ ಸಾಲು ಒಮ್ಮೆಗೇ ನಿಂತಿತು. ಒಳಗೆ, ದಪ್ಪ ಕನ್ನಡಕ ಹಾಕಿದ, ಇಳಕಲ್ ಸೀರೆಯ ಮುದುಕಿಯೊಬ್ಬಳು ಮತಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುತ್ತಿದ್ದಳು. ಅಧಿಕಾರಿ ಬೇಗ ಆಗಲಿ ಎಂದಾಗ, ಇದರಲ್ಲಿ ತನ್ನ ತಮ್ಮ ಬಸಲಿಂಗಪ್ಪನ ಹೆಸರು ಎಲ್ಲಿದೆ ಎಂದು ಕೇಳಿದಳು. ಅವನು ಯಾದಿ ನೋಡಿ, “ಆಜಿ, ಯಾ ನಾವಾಚಾ ಕೋಣಿ ನಾಹಿ,” ಎಂದ.

“ನಾಹಿ ಅಂದ್ರ?” ಎಂದಳು ಗುರುಶಾಂತವ್ವ. “ಅವಗ ಓಟು ಹಾಕಬಾರದಂತ ಲಿಂಗನೂರಿಂದ ಬಂದೇನಿ. ಅವನ ಹೆಸರ ಇಲ್ಲಂದ್ರ ನಾ ಯಾರಿಗಿ ಹಾಕಬಾರದು?”

ಸಹಕಾರ ಕಾಯದೆಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಅಧಿಕಾರಿ ಪುಸ್ತಕ ತಿರುವಿ ಹಾಕಿ, ಬೆವರು ಒರೆಸಿಕೊಂಡು, ಆ ತಮ್ಮನನ್ನೇ ಕರೆಸಿ ಎಂದ. ಬಸಲಿಂಗಪ್ಪ ಓಡಿ ಬಂದ. ಬಾಗಿಲಲ್ಲಿ ನಿಂತವನಿಗೆ ಮೊದಲು ಅಕ್ಕ ಎಲ್ಲಿದ್ದಾಳೆಂದು ತಿಳಿಯಲಿಲ್ಲ. ಅವನು ಕಪ್ಪು ಕೂದಲನ್ನು ಹುಡುಕುತ್ತಿದ್ದ.

“ನಿಂತಿಲ್ಲೇನು?” ಎಂದಳು ಆಕೆ.

“ಇಲ್ಲಕ್ಕಾ.”

“ಮತ್ತ ಗಾಡಿ ಯಾಕ ತಗಿಸಿದಿ?”

“ನಿನಗ ಹೇಳಿ ಕಳಿಸಿದ್ನೆಲ್ಲ.”

“ಹೇಳಿ ಕಳಸೂದು ನಿನ್ನ ಹಳೇ ರೂಢಿ.”

ಆಕೆ ಮತಪತ್ರವನ್ನು ಗುರುತು ಒತ್ತದೆ ಕೋರಾ ಇದ್ದ ಹಾಗೇ ಮಡಚಿ ಪೆಟ್ಟಿಗೆಗೆ ಹಾಕಿದಳು. ಹೊರಗೆ ಬಂದ ಮೇಲೆ, ತಾನು ಮಿರಜಕ್ಕೆ ಬಂದಿರುವುದೇ ಹೊರತು ತವರಿಗೆ ಬಂದಿಲ್ಲ ಎಂಬುದನ್ನು ಸ್ಪಷ್ಟಪಡಿಸಿದಳು. ಗಾಡಿಯನ್ನು ಮಾತ್ರ ನೋಡುವುದಿದೆ. ಶೆಡ್ಡು ಓಣಿಯಲ್ಲಿದೆ, ಹೊಸ್ತಿಲ ಪ್ರಶ್ನೆ ಬರುವುದಿಲ್ಲ.

ಓಣಿಯ ಮಂದಿಯೆಲ್ಲ ಕಟ್ಟೆಗಳ ಮೇಲೆ ನಿಂತರು. ಗುರುಶಾಂತವ್ವ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಇಟ್ಟಂಗಿ ನೋಡಿದಳು, ಗಾಲಿ ಇಲ್ಲದ ಜಾಗ ನೋಡಿದಳು, ಸೀಳಿದ ಡ್ರಮ್ಮನ್ನು ಎರಡೂ ಕೈಯಿಂದ ಎತ್ತಿ ಭಾರ ನೋಡಿ ಕೆಳಗಿಟ್ಟಳು. ತಮ್ಮನ ಉಗುರುಗಳ ಸಂದಿಯಲ್ಲಿ ಕೂತ ಎಣ್ಣೆಯ ಕರೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದಳು. ಎಷ್ಟು ದಿನ ಹಿಡಿಯಿತು ಎಂದು ಕೇಳಿದಳು. ಇಪ್ಪತ್ತು ದಿನ ಎಂದ. ಇನ್ನೆಷ್ಟು ದಿನ ಎಂದಳು. ಅವನು ಡ್ರಮ್ಮನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದ.

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಬಾಗಿಲು ತೆಗೆದು, ಒಳಗೆ ಹತ್ತಿ ಕೂತಳು. ಹಳೆಯ ಸ್ಪ್ರಿಂಗುಗಳು ಕುಂಯ್ ಎಂದವು.

“ನಿಂತಿ ಯಾಕ ಬಸ್ಯಾ? ಹತ್ತು.”

ಬಸಲಿಂಗಪ್ಪ ಸ್ಟಿಯರಿಂಗಿನ ಹಿಂದೆ ಕೂತ. ಎದುರಿಗೆ ಶೆಡ್ಡಿನ ಸುಣ್ಣದ ಗೋಡೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಗೇರಿನ ಮೇಲಿಟ್ಟ. ಹೊರಗೆ ಓಣಿ ಸುಮ್ಮನಿತ್ತು. ಗಿರಿಜಾಬಾಯಿ ಕೂಡ.

“ಆರಗ ದಾಟಿತೇನು?” ಎಂದಳು ಗುರುಶಾಂತವ್ವ.

ಅವನು ಗೋಡೆಯನ್ನು ನೋಡಿದ. “ಈಗ ದಾಟತೇವಕ್ಕಾ.”

“ಸಾವಕಾಶ ಹೊಡಿ. ಬಸ್ಸಿನಾಂವ ಭಾಳ ಜೋರ ತಂದ ಇವತ್ತ. ಏನೂ ಕಾಣಲಿಲ್ಲ.”

ಅವನು ಸಾವಕಾಶ ಹೊಡೆದ. ದಾರಿಯಲ್ಲಿ ಆಕೆ ಕಣ್ಣಿನ ಆಪರೇಶನ್ ಹೇಗಾಯಿತೆಂದು ಹೇಳಿದಳು. ಪಟ್ಟಿ ಕಟ್ಟಿದ್ದ ಎಂಟು ದಿನ ಕಾರಿಡಾರಿನಲ್ಲಿ ಯಾರ ಹೆಜ್ಜೆಯ ಸಪ್ಪಳವಾದರೂ ಗುರುತು ಹಿಡಿಯಲು ನೋಡುತ್ತಿದ್ದೆ ಎಂದಳು. ಅವನು ಒಂದು ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದ, ಮೂಗು ಒರೆಸಿಕೊಂಡ. ಬೇಡಗ ಊರು ಬಂತು, ಹೋಯಿತು. ಮಿರಜದ ಮನೆಗಳು ಕಾಣುವ ಹೊತ್ತಿಗೆ ಸುನಂದಾಬಾಯಿ ಕಾಲಿಗೆ ನೀರು ತುಂಬಿದ ತಂಬಿಗೆ ಹಿಡಿದು ಗಾಡಿಯ ಬಾಗಿಲ ಹತ್ತಿರ ಬಂದಳು.

“ಅಕ್ಕಾರ, ಇಳೀರಲ್ಲ. ಬರ್ರಿ ಒಳಗ.”

ಬಸಲಿಂಗಪ್ಪ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. “ತಡಿ,” ಎಂದ. “ರೇಲ್ವೆ ಗೇಟ ಹಾಕ್ಯಾರ.”

ಗುರುಶಾಂತವ್ವ ಸೀಟಿಗೆ ಒರಗಿ, ಕಾಲು ಚಾಚಿದಳು.

“ಹಾಕಿರ್ಲಿ ಬಿಡು,” ಎಂದಳು. “ಎಲ್ಲಾ ಗಾಡಿ ಹೋಗಲಿ.”